ನೀನು ಗುಂಡಿ ಹಚ್ಚವ್ವ

ಹೊಲಿಗಿ ಅಂಗಡಿ ಇದ್ದ ಮನ್ಯಾಗ ಒಂದು ಎಡವಟ್ಟು ಮುಗಿಯೋದ್ರಾಗ ಇನ್ನೊಂದು ಬಾಗಲಕ್ಕ ಬಂದು ನಿಂತಿರ್ತೈತಿ. ಬಟ್ಟಿ ತಾನು ಸುಮ್ನ ಇರ್ತೈತಿ, ಪಾಪ. ಅದನ್ನ ಕತ್ತರಿಸೋರು, ಹೊಲಿಯೋರು, ತೊಡೋರು ಸುಮ್ನ ಇರಂಗಿಲ್ಲ, ಅಷ್ಟ.

ನಾನು ಸಿರುಗುಪ್ಪದ ಹುಡುಗಿ. ಎರಡನೇ ಮಹಾಯುದ್ಧ ನಡದಿದ್ದ ಕಾಲಕ್ಕ ಬಳ್ಳಾರಿ ಕೌಲ್ ಬಜಾರಿನ ಸಿಂಪಿಗರ ಮನಿಗೆ ಸೊಸಿಯಾಗಿ ಬಂದೆ. ಮುಂದ ಅಂಗಡಿ, ಹಿಂದ ಮನಿ, ನಡುವ ಒಂದು ಬಾಗಲ. ಅತ್ತಿ ನಾನು ಬರೋಕಿಂತ ಮದ್ಲ ತೀರಿಕೊಂಡಿದ್ರು. ಇದ್ದವ್ರು ಮಾವನವ್ರು, ನಮ್ಮನಿಯವ್ರು, ನಾನು.

ಮಾವನವ್ರು ದಂಡಿನ ಸಿಪಾಯಿಗಳಿಗೆ ಖಾಕಿ ಹೊಲಿದು ಹೊಲಿದು ಮುದುಕರಾದವ್ರು. ಅವ್ರ ಲೆಕ್ಕದಾಗ ಜಗತ್ತಿನ ಮನಿಷಾರಿಗೆಲ್ಲಾ ಮೂರ ಅಳತಿ: ಸಣ್ಣದು, ನಡುವಿಂದು, ದೊಡ್ಡದು. ಮೂರಕ್ಕೂ ಹೊಂದದವ್ರು ಬಂದ್ರ ತಪ್ಪು ಅಂಗೀದಲ್ಲ, ಮೈದು. ನಮ್ಮನಿಯವ್ರು ಇದಕ್ಕ ತದ್ವಿರುದ್ಧ. ಮದ್ರಾಸಿಗೆ ಹೋಗಿ ಹೊಲಿಗಿ ಸಾಲ್ಯಾಗ ಕಲತು ಬಂದಿದ್ರು. ಲೈನು, ಕಲರು, ಬ್ಯಾಲೆನ್ಸು, ಕಣ್ಣು ಸೆಳಿಯೋ ಜಾಗಕ್ಕ ಎಂಫಸಿಸ್ಸು ಅಂತ ಮಾತು ತಂದಿದ್ರು. ಒಂದು ಚಡ್ಡಿ ಹೊಲಿಬೇಕಾದ್ರೂ ಮದ್ಲ ಭಾಷಣ, ಆಮ್ಯಾಲ ಕತ್ರಿ.

ಅಂಗಡ್ಯಾಗ ಎರಡು ಕಾಲು ಮಷೀನು ಇದ್ವು, ಒಂದು ಅಪ್ಪಂದು, ಒಂದು ಮಗಂದು. ಇವೆರಡಲ್ಲದ ಗೂಡಿನ್ಯಾಗ ಒಂದು ಹಳೀ ಕೈ ಮಷೀನಿತ್ತು. ಮಾವನವ್ರು ವಯಸ್ಸಿನ್ಯಾಗ ಪಲ್ಟನ್ ಹಿಂದ ಊರೂರು ತಿರುಗುವಾಗ ಹೊತ್ತುಕೊಂಡು ಹೋಗ್ತಿದ್ದ ಮಷೀನದು. ಈಗ ಅದರ ಮ್ಯಾಲ ಯಾರೂ ಹೊಲಿತಿದ್ದಿಲ್ಲ. ದಿನಾ ಬೆಳಿಗ್ಗೆ ಅದಕ್ಕ ವಿಭೂತಿ, ಕುಂಕುಮ, ಒಂದು ಚೆಂಡು ಹೂವು. ದೇವ್ರಂಗ ಇಟ್ಟಿದ್ರು.

ನನಗ ಆ ಮಷೀನಿನ ಮುಂದ ಕುಂದ್ರಬೇಕು ಅನ್ನೋದೊಂದ ಆಸಿ. ಹೊಲಿಗಿ ಬರದಾಕಿ ಅಲ್ಲ ನಾನು. ತವರುಮನ್ಯಾಗ ಅಂಥಾದ್ದ ಕೈ ಮಷೀನಿನ ಮ್ಯಾಲ ಲಂಗ, ಜಾಕೀಟು, ದಿಂಬಿನ ಚೀಲ ಎಲ್ಲಾ ಹೊಲಿದಿದ್ದೆ. ಒಂದಿನ ಧೈರ್ಯ ಮಾಡಿ ಕೇಳಿದೆ. ಮಾವನವ್ರು ಸಿಟ್ಟು ಮಾಡ್ಲಿಲ್ಲ. ನಮ್ಮ ಮನ್ಯಾಗ ಹೆಂಗಸರು ಕಾಜ ಮಾಡ್ತಾರ, ಗುಂಡಿ ಹಚ್ತಾರ, ಮಷೀನು ಮುಟ್ಟಿದ್ದಿಲ್ಲ ಅಂತ ಹೇಳಿ, ತಣ್ಣಗ ಅಂದ್ರು:

“ನೀನು ಗುಂಡಿ ಹಚ್ಚವ್ವ.”

ಬೈದಿದ್ರ ಅತ್ತು ಮರೀತಿದ್ದೆ. ತಣ್ಣಗ ಅಂದಿದ್ದನ್ನ ಮರೀಲಿಲ್ಲ.

ಹಿಂಗಾಗಿ ಅಂಗಡ್ಯಾಗ ಹೊಲಿದ ಬಟ್ಟಿ ಎಲ್ಲಾ ಕಡೀಕ ನನ್ನ ಉಡ್ಯಾಗ ಬಂದು ಬೀಳ್ತಿದ್ವು. ಗುಂಡಿ ತೂರೋ ಕಿಂಡಿ ಕತ್ತರಿಸಿ ದಾರ ಸುತ್ತಿದ್ರ ಕಾಜ; ಎದುರಿಗೆ ಗುಂಡಿ ಹಚ್ಚಿದ್ರ ನನ್ನ ಕೆಲಸ ಮುಗೀತು. ಎಲ್ಲಿ ಏನು ತಪ್ಪೇತಿ ಅನ್ನೋದು ಊರಿಗಿಂತ ಮದ್ಲ ನನಗ ಕಾಣ್ತಿತ್ತು. ಹೇಳಿದ್ರ ಕೇಳೋರು ಯಾರು?

ಅಡ್ಡ ಗೆರಿ, ಉದ್ದ ಗೆರಿ

ಬಟ್ಟಿಗೆ ಕಂಟ್ರೋಲು ಇದ್ದ ಕಾಲ. ಇಂಥಾದ್ದ ಬೇಕು ಅನ್ನಂಗಿದ್ದಿಲ್ಲ, ಡಿಪೋದಾಗ ಬಂದಿದ್ದ ತಗೋಬೇಕು. ಆ ವರ್ಷ ಕುರುಗೋಡಿಗೆ ಬಂದಿದ್ದು ಬಿಳೀ ಬಟ್ಟಿ ಮ್ಯಾಲ ನೀಲಿ ಗೆರಿ. ಊರಿಗೆ ಊರ ಅದ. ಅಂಗಿ ಅದ, ದಿಂಬು ಅದ, ತೊಟ್ಟಿಲದಾಗ ಕೂಸಿನ ಕುಲಾವಿ ಅದ.

ಅಲ್ಲಿಯ ಒಬ್ಬ ಯಜಮಾನ ಮಗನ ಮದುವಿ ಇಟ್ಕೊಂಡು, ಆ ಬಟ್ಟಿ ಗಂಟು ಕಟ್ಟಿ ತಂದು ನಮ್ಮ ಅಂಗಡ್ಯಾಗ ಇಳಿಸಿದ. ಮದುಮಗ, ಅವನ ಅಣ್ಣತಮ್ಮರು, ಕಾಕಾಗಳು, ಎಲ್ಲಾರಿಗೂ ಅಂಗಿ. ಎಲ್ಲಾ ಒಂದ ಥರ ಆದ್ರ ಮದುಮಗನ್ನ ಗುರುತು ಹಿಡಿಯೋದು ಹೆಂಗ ಅಂತ ಅವನಿಗೂ ಚಿಂತಿ.

ನಮ್ಮನಿಯವ್ರಿಗೆ ಇಂಥಾದ್ದ ಬೇಕಾಗಿತ್ತು. ಉದ್ದ ಗೆರಿ ಮನಿಷಾನ್ನ ಎತ್ತರ ಮಾಡ್ತೈತಿ, ಅಡ್ಡ ಗೆರಿ ದಪ್ಪ ಮಾಡ್ತೈತಿ ಅಂತ ಭಾಷಣ ಸುರು ಮಾಡಿದ್ರು. ಮದುಮಗ ಒಣಕಲ ಕಡ್ಡಿ. ಅದಕ್ಕ ಅವನ ಅಂಗಿಗಷ್ಟ ಬಟ್ಟಿ ಅಡ್ಡ ತಿರುಗಿಸಿ ಕತ್ತರಿಸಿದ್ರು. ಮಂದಿಗೆಲ್ಲಾ ಉದ್ದ ಗೆರಿ, ಮದುಮಗನಿಗೆ ಅಡ್ಡ ಗೆರಿ. ಮೈ ತುಂಬಿದಂಗೂ ಕಾಣ್ತೈತಿ, ಎದ್ದೂ ಕಾಣ್ತೈತಿ.

ಗುಂಡಿಗೆ ಬಂದಾಗ ನನಗ ಆ ಅಂಗಿ ರಾಶಿ ನೋಡಿ ಏನೋ ನೆನಪಾಗಾಕತ್ತಿತು. ಇದನ್ನ ಎಲ್ಲೋ ನೋಡೀನಲ್ಲ, ಇಂಥ ಅಂಗಿ ತೊಟ್ಟವ್ರು ಸಾಲಾಗಿ ಹೋಗ್ತಿದ್ರಲ್ಲ ಅಂದೆ. ಮಾವನವ್ರು ತಲಿ ಎತ್ತಲಿಲ್ಲ. ನೀನು ಗುಂಡಿ ಹಚ್ಚವ್ವ ಅಂದ್ರು.

ಮದುವಿಗೆ ನಾವೂ ಹೋಗಿದ್ವಿ. ಬೀಗರು ಊಟಕ್ಕ ಪಂಕ್ತಿ ಹಿಡದು ಕುಂತಿದ್ರು, ಈ ತುದಿಯಿಂದ ಆ ತುದಿ ನೀಲಿ ಗೆರಿ. ಅಷ್ಟೊತ್ತಿಗೆ ಮದುಮಗಳ ಸೋದರಮಾವ ಬಂದ. ಅವ ಬಳ್ಳಾರಿ ಜೇಲಿನ್ಯಾಗ ವಾರ್ಡರು, ರಜಾ ಸಿಗದ ಡ್ಯೂಟಿ ಮುಗಿಸಿ ಹಂಗ ಬಂದಿದ್ದ. ಚಪ್ಲಿ ಬಿಟ್ಟು ಒಳಗ ಕಾಲಿಟ್ಟವ ಅಲ್ಲೇ ನಿಂತ. ತುಟಿ ಆಡಿಸಿ ಏನೋ ಎಣಿಸಾಕತ್ತಿದ. ನನಗ ಆಗ ನೆನಪಾತು, ಆ ಅಂಗಿ ಎಲ್ಲಿ ನೋಡಿದ್ದೆ ಅಂತ.

ಅವ ಮಗ್ಗಲದವ್ರನ್ನ ಸಣ್ಣ ದನಿಯಾಗ ಕೇಳಿದ, “ಬೆಳಿಗ್ಗೆ ಎಣಿಸಿ ಬೀಗ ಹಾಕಿ ಬಂದೀನಿ. ಇವರು ಊಟಕ್ಕ ಇಲ್ಲಿಗೆ ಹೆಂಗ ಬಂದ್ರು?”

ಇವರು ಬೀಗರು ರೀ, ಕಂಟ್ರೋಲ್ ಬಟ್ಟಿ ಅಂತ ತಿಳಿಸಿ ಹೇಳೋದಕ್ಕ ಎರಡು ಸಲ ಸಾರು ಬಡಿಸೋಷ್ಟು ಹೊತ್ತು ಹಿಡೀತು. ಅವ ಸಮಾಧಾನ ಆಗಿ ಕುಂತ. ಕುಂತು ಮತ್ತ ಕೇಳಿದ, ಎಲ್ಲಾರದು ಉದ್ದ ಗೆರಿ, ಅವನೊಬ್ಬಂದು ಯಾಕ ಅಡ್ಡ? ಅವ ಮದುಮಗ ಅಂದ್ರು.

“ಹಂಗನ್ರಿ. ಅವನಿಗೆ ಜೀವಾವಧಿ.”

ಪಚ್ಚ

ಕಂಟ್ರೋಲು ಸ್ವಲ್ಪ ಸಡ್ಲ ಆದ ಮ್ಯಾಲ ನಮ್ಮ ಬಜಾರಿನ ಒಬ್ಬ ಬ್ಯಾಂಡ್ ಮಾಸ್ತರ ತನ್ನ ಮಂದಿಗೆ ಹೊಸಾ ಕೋಟು ಹೊಲಿಸಾಕ ಬಂದ. ಮನಿಮಾತು ತೆಲುಗು. ನಮ್ಮ ಕಡೆ ಅದು ಎಲ್ಲಾರಿಗೂ ಬರ್ತೈತಿ, ಬರ್ತೈತಿ ಅನ್ನೋದ ಇಲ್ಲಿ ತೊಂದ್ರಿ ಆತು. ಬಟ್ಟಿ ನೀವ ತರ್ರಿ, ಎಲ್ಲಾ ಪಚ್ಚ ಇರ್ಲಿ ಅಂದು ಹೋಗಿಬಿಟ್ಟ.

ತೆಲುಗಿನ್ಯಾಗ ಪಚ್ಚ ಅಂದ್ರ ಎಲಿಯ ಹಸರೂ ಹೌದು, ಅರಿಷಿಣದ ಹಳದೀನೂ ಹೌದು. ಬಿಡಿಸಿ ಹೇಳೋರು ಆಕುಪಚ್ಚ, ಪಸುಪುಪಚ್ಚ ಅಂತಾರ. ಇವ ಬಿಡಿಸಲಿಲ್ಲ.

ಆಗ ಅಪ್ಪ ಮಗ ಮಾತು ಬಿಟ್ಟಿದ್ರು, ಯಾವುದೋ ಕಾಲರಿನ ಸಲುವಾಗಿ. ಏನಿದ್ರೂ ನನ್ನ ಕಡಿಂದ ಹೇಳಿಸ್ತಿದ್ರು. ‘ನಿನ್ನ ಗಂಡಗ ಹೇಳು ಕತ್ರಿ ಕೊಡು ಅಂತ.’ ಗಂಡ ಅಲ್ಲೇ ಮಗ್ಗಲದಾಗ ಕುಂತಿರ್ತಿದ್ರು. ಕೆಲಸಾನೂ ಹಂಗ ಹಂಚಿಕೊಂಡ್ರು. ಡೊಳ್ಳು, ತಮಟಿ ಬಾರಿಸೋರು ದಪ್ಪ ಮಂದಿ, ದೊಡ್ಡ ಅಳತಿ, ಅವ್ರು ಮಾವನವ್ರ ಪಾಲಿಗೆ. ಪೀಪಿ, ಕಹಳಿ ಊದೋರಿಗೆ ಎದಿ ಹತ್ರ ಬಟ್ಟಿ ಉಸಿರಾಡಬೇಕು ಅಂತ ನಮ್ಮನಿಯವ್ರು ಅವ್ರನ್ನ ತಗೊಂಡ್ರು. ಮಗ ಒಂದು ಅಂಗಡಿಯಿಂದ ಹಸರು ತಂದ್ರು, ಅಪ್ಪ ಇನ್ನೊಂದು ಅಂಗಡಿಯಿಂದ ಹಳದಿ ತಂದ್ರು.

ಇಬ್ರೂ ಒಬ್ಬರ ಬಟ್ಟಿ ಒಬ್ಬರು ನೋಡಿದ್ರು. ನೋಡ್ದ ಇರಾಕ ಅಂಗಡಿ ಏನು ಅರಮನಿ ಅಲ್ಲ. ಆದ್ರ ಮಾಸ್ತರ ಬರ್ಲಿ, ಮಗನಿಗೆ ಬುದ್ಧಿ ಬರ್ತೈತಿ ಅಂತ ಅಪ್ಪ. ಮಾಸ್ತರ ಬರ್ಲಿ, ಅಪ್ಪನಿಗೆ ಗೊತ್ತಾಗ್ತೈತಿ ಅಂತ ಮಗ. ನನ್ನ ಉಡ್ಯಾಗ ಎರಡೂ ಬಣ್ಣ ಬಂದು ಬಿದ್ದಾಗ ನಾನು ಒಂದ ಓಣಿ ಆಚಿಗೈತಿ ಮಾಸ್ತರನ ಮನಿ, ಹೋಗಿ ಕೇಳಿ ಬರ್ರಿ ಅಂದೆ. ನೀನು ಗುಂಡಿ ಹಚ್ಚವ್ವ ಅಂದ್ರು ಮಾವನವ್ರು. ನೀನು ಗುಂಡಿ ಹಚ್ಚು ಅಂದ್ರು ನಮ್ಮನಿಯವ್ರೂನು. ಅಪ್ಪ ಮಗ ಅವತ್ತು ಒಪ್ಪಿದ್ದು ಅದೊಂದ ಮಾತಿಗೆ. ಗಂಡನ ಬಾಯಾಗೂ ಅದ ಬಂತಲ್ಲ ಅಂತ ನನಗ ಭಾಳ ನೋವಾತು.

ಮಾಸ್ತರ ಬಂದು ಕೋಟು ನೋಡಿ, ತಲಿ ಮ್ಯಾಲ ಕೈ ಇಟ್ಕೊಂಡು ಕುಂತ. ಯಾವ ಪಚ್ಚ ನಿಂದು ಅಂತ ಇಬ್ರೂ ಒಟ್ಟಿಗೆ ಕೇಳಿದ್ರು. ಅವನಿಗೂ ಮರ್ತುಹೋಗಿತ್ತು. ಮದುವಿ ಸುಗ್ಗಿ ಸುರು ಆಗಿತ್ತು, ಬ್ಯಾರೆ ಹೊಲಿಸಾಕ ಹೊತ್ತಿಲ್ಲ. ಹಂಗ ತೊಡಿಸಿಕೊಂಡು ಹೋದ. ಎಡಕ್ಕ ಹಸರು, ಬಲಕ್ಕ ಹಳದಿ ನಿಲ್ಲಿಸಿ ಬಾರಿಸಿದ. ನೋಡಾಕ ಚೊಲೋನ ಕಾಣ್ತಿತ್ತು, ಇದ ಹಾರ್ಮನಿ ಅಂತ ನಮ್ಮನಿಯವ್ರು ಊರೆಲ್ಲಾ ಹೇಳಿಕೊಂಡು ಬಂದ್ರು.

ಮಂದಿ ಅದನ್ನ ಎರಡು ಬ್ಯಾಂಡು ಅಂದುಕೊಂಡ್ರು. ಒಂದ ಮುಹೂರ್ತಕ್ಕ ಎರಡು ಮದುವಿ ಬಂದ್ವು. ಒಬ್ರು ಹಸರು ಬ್ಯಾಂಡು ಕಳಸು ಅಂದ್ರು, ಇನ್ನೊಬ್ರು ಹಳದಿ ಬ್ಯಾಂಡು ಕಳಸು ಅಂದ್ರು. ಮಾಸ್ತರ ಆಸಿಗೆ ಬಿದ್ದು ಇಬ್ರಿಗೂ ಹೂಂ ಅಂದ. ಒಂದು ಮದುವ್ಯಾಗ ಬರೇ ಧಡಂ ಧಡಂ. ಇನ್ನೊಂದ್ರಾಗ ಬರೇ ಪೀಂ.

ಜೇಬಿನ ಬ್ಯಾಲೆನ್ಸು

ಸಿರುಗುಪ್ಪದಾಗ ನಮ್ಮ ತವರುಮನಿ ಮಗ್ಗಲದಾಗ ಒಬ್ಬ ಕಿರಾಣಿ ಸೆಟ್ಟಿ ಇದ್ದ. ಬಳ್ಳಾರಿಗೆ ಬಂದಾಗ ನಮ್ಮ ಅಂಗಡಿ ಹೊಕ್ಕು, ನೀವು ಹೊಲಿದ ಕೋಟು ಬಲಕ್ಕ ಜೋತು ಬೀಳ್ತೈತಿ ಅಂತ ತಕರಾರು ತಗದ. ನೋಡಿದ್ರ ಬಲಗಡಿ ಜೇಬಿನ್ಯಾಗ ಅಡಕಿ ಚೀಲ, ಸುಣ್ಣದ ಡಬ್ಬಿ, ಅಡಕೊತ್ತು, ಬೀಗದಕೈ ಗೊಂಚಲ. ಕೋಟಲ್ಲ ಅದು, ಸಂತಿ ಗಂಟು.

ನಮ್ಮನಿಯವ್ರು ಬ್ಯಾಲೆನ್ಸಿನ ಬಗ್ಗೆ ಹೇಳಿದ್ರು. ಬಟ್ಟಿಗೆ ಎಡ ಬಲ ಸಮ ಇರಬೇಕು, ಎಡಕ್ಕೂ ಒಂದು ಜೇಬು ಹಚ್ಚಿ ಕೊಡ್ತೀನಿ, ಅದ್ರಾಗೂ ಅಷ್ಟ ಭಾರ ಇಡು ಅಂದ್ರು. ಜೇಬಿಗೆ ಮುಚ್ಚಳ, ಮುಚ್ಚಳಕ್ಕ ಒಂದು ಗುಂಡಿ. ಗುಂಡಿ ನಾನ ಹಚ್ಚಿದ್ದು. ಏನು ಇಡ್ತಾನಂತ ಕೇಳಿ ಹಚ್ತೀನಿ ಅಂದ್ರ, ಮಾವನವ್ರದು ಅದ ಮಾತು.

ಸೆಟ್ಟಿ ಊರಿಗೆ ಹೋಗಿ ಅಷ್ಟ ಭಾರದ್ದು ಏನೈತಿ ಅಂತ ಹುಡುಕಿ, ತಕ್ಕಡ್ಯಾಗಿನ ಒಂದು ತೂಕದ ಕಲ್ಲು ತಗದು ಎಡಗಡಿ ಜೇಬಿಗೆ ಇಳಿಬಿಟ್ಟ. ಕೋಟು ನೆಟ್ಟಗ ನಿಂತಿತು. ಒಂದಿನ ಓಣಿಯ ಮುದುಕಿಯೊಬ್ಬಾಕಿ ಬ್ಯಾಳಿ ತಗೊಳಾಕ ಬಂದಾಗ, ಸೆಟ್ಟಿ ಚೀಲ ಎತ್ತಾಕ ಬಗ್ಗಿದ. ಗುಂಡಿ ಕಿತ್ತು ಕಲ್ಲು ಧಪ್ ಅಂತ ಆಕಿ ಕಾಲ ಮುಂದ ಬಿತ್ತು. ಮುದುಕಿ ಕಲ್ಲು ನೋಡಿದ್ಳು, ಜೇಬು ನೋಡಿದ್ಳು. ಇಷ್ಟು ದಿನ ಬ್ಯಾಳಿ ಯಾಕ ಕಮ್ಮಿ ಬೀಳ್ತಿತ್ತು ಅಂತ ಈಗ ತಿಳೀತು, ತೂಕ ನಿನ್ನ ಜೇಬಿನ್ಯಾಗ ಇರ್ತಿತ್ತಲ್ಲ ಅಂತ ಓಣಿಗೆ ಕೇಳಂಗ ಅಂದ್ಳು.

ಸೆಟ್ಟಿ ಮುಂದಿನ ಬಸ್ಸಿಗೆ ಜಗಳಕ್ಕ ಬಂದ. ಬ್ಯಾಲೆನ್ಸಿನ ತಪ್ಪಲ್ಲ ಅಂದ್ರು ನಮ್ಮನಿಯವ್ರು. ಹೊಲಿಗಿ ತಪ್ಪಲ್ಲ ಅಂದ್ರು ಮಾವನವ್ರು. ಆಮ್ಯಾಲ ಕೋಟು ತಿರುವಿ ತಿರುವಿ ನೋಡಿ, ಒಳಗ ನನಗ ಕೇಳಂಗ ಅಂದ್ರು:

“ಗುಂಡಿ ಯಾರು ಹಚ್ಚಿದ್ದು?”

ಎರಡು ಕುಬಸ

ಆಗಿನ ಕಾಲಕ್ಕ ಗಂಡಸರು ಹೆಂಗಸರ ಮೈ ಅಳತಿ ತಗೊಳಂಗಿದ್ದಿಲ್ಲ. ಮೈಗೆ ಸರಿಯಾಗಿ ಕೂಡೋ ಹಳೀ ಕುಬಸ ಒಂದು ಕಳಸೋರು, ಅದಕ್ಕ ಅಳತಿ ಕುಬಸ ಅಂತಿದ್ವಿ. ಅದನ್ನ ನೋಡಿ ಹೊಸಾದು ಹೊಲಿಯೋದು.

ಕರೂರಿನ ಒಬ್ಬ ದೊಡ್ಡ ಗೌಡರ ಮನಿಯಿಂದ ಆಳುಮನಿಷಾ ಬಂದ. ಗೌಡರ ಮಗಳಿಗೆ ಕುಬಸ ಮಾಡೋದೈತಿ, ಬರೋ ಗುರುವಾರ ಅಂತ ಹೇಳಿ, ಹಸರು ರೇಷ್ಮಿ ಖಣ, ಒಂದು ಅಳತಿ ಕುಬಸ ಕೊಟ್ಟ. ಮುಂದ ಗಂಟು ಕಟ್ಟೋ ಹಳೀ ಥರದ್ದು ಬ್ಯಾಡ, ಹುಡುಗಿಗೆ ಗುಂಡಿ ಇದ್ದ ಹೊಸಾ ಫ್ಯಾಷನ್ನಿಂದ ಬೇಕಂತ ಅಂದ. ದೊಡ್ಡ ಮನಿ ಕೆಲಸ ಅಂತ ಮಾವನವ್ರು ತಾವ ಕೈಗೆ ತಗೊಂಡ್ರು. ಅಳತಿಗೆ ಕೂದಲೆಳಿಯಷ್ಟೂ ತಪ್ಪದಂಗ ಹೊಲಿದ್ರು.

ಈಗ ನಮ್ಮ ಕಡೆ ಕುಬಸ ಅಂದ್ರ ಎರಡು. ಒಂದು ಮೈಮ್ಯಾಲ ತೊಡೋದು. ಇನ್ನೊಂದು, ಬಸರಿ ಹೆಂಗಸಿಗೆ ಏಳನೇ ತಿಂಗಳಿಗೆ ಹಸರು ಸೀರಿ, ಹಸರು ಬಳಿ, ಹೊಸಾ ಕುಬಸ ಕೊಟ್ಟು ಉಡಿ ತುಂಬೋ ಕಾರ್ಯ. ಅದರ ಹೆಸರೂ ಕುಬಸ. ಹಸರು ಖಣ ಉಡ್ಯಾಗ ಬಿದ್ದ ಕೂಡ್ಲೇ ನನಗ ಅನುಮಾನ ಬಂತು. ಮಾವಾರ, ಇದು ಯಾವ ಕುಬಸ ಅಂತ ಕೇಳಿದ್ರೇನು ಅಂದೆ. ಕುಬಸ ಅಂದ್ರ ಕುಬಸ, ನೀನು ಗುಂಡಿ ಹಚ್ಚವ್ವ ಅಂದ್ರು. ಹಚ್ಚಿದೆ.

ಕೊಡಾಕ ಮೂರೂ ಮಂದಿ ಹೊಂಟ್ವಿ. ಒಳಗ ಹೋಗಿ ತೊಡಿಸಿ ನೋಡಾಕ ಹೆಂಗಸು ಬೇಕಂತ ನಾನು. ದೊಡ್ಡ ಮನಿಗೆ ಹೋಗುವಾಗ ಪಲ್ಟನ್ ಕಾಲದ ರೂಢಿ ಬಿಡದ ಮಾವನವ್ರು ಕೈ ಮಷೀನು ತಗೊಂಡ್ರು. ಬಸ್ಸಿನ್ಯಾಗ ಅದನ್ನ ತೊಡಿ ಮ್ಯಾಲ ಕೂಸಿನಂಗ ಇಟ್ಕೊಂಡು ಕುಂತಿದ್ರು, ಚೆಂಡು ಹೂವಿನ ಸಮೇತ. ನನಗ ಮುಟ್ಟಾಕ ಸೈತ ಕೊಡ್ಲಿಲ್ಲ.

ಒಳಗ ಹೋಗಿ ನೋಡಿದ್ರ ನಾನು ಅಂಜಿದ್ದ ನಿಜ ಆತು. ಗೌಡರ ಮಗಳು ತುಂಬಿದ ಬಸರಿ. ಅಳತಿ ಕುಬಸ ಮದುವಿ ಕಾಲದ್ದು. ಹೊಸಾದು ತೋಳು ಏರಿತು, ಮುಂದ ಗುಂಡಿಗೂ ಕಾಜಕ್ಕೂ ನಡುವ ಒಂದು ಗೇಣು ಬಯಲು. ಹೊರಗ ಮುತ್ತೈದೇರು ಆರತಿ ಹಿಡಕೊಂಡು ನಿಂತಾರ, ಮುಹೂರ್ತ ಹತ್ರ ಬಂದೈತಿ. ಹುಡುಗಿ ಅಳಾಕತ್ತಿದ್ಳು. ಚೊಚ್ಚಲ ಬಸರಿ, ಹೊಸಾ ಕುಬಸ ತೊಡದ ಹೆಂಗ ಕುಂದ್ರಲಿ ಅಂತ ಒಂದ ಸಮನ ಕಣ್ಣೀರು. ಅವ್ರಜ್ಜಿ, ಗಂಟು ಕಟ್ಟೋ ಕುಬಸ ಆಗಿದ್ರ ಎಳೆದು ಕಟ್ತಿದ್ವಿ, ನಿಮ್ಮ ಫ್ಯಾಷನ್ನಿಗಿಷ್ಟು ಬೆಂಕಿ ಹಚ್ಚ ಅಂತ ನನ್ನ ಮುಖ ನೋಡಿದ್ಳು.

ಹೊರಗ ಬಂದು ಹೇಳಿದೆ. ಮಾವನವ್ರು ಅಳತಿ ತಪ್ಪಿಲ್ಲ ಅಂದ್ರು.

“ಅಳತಿ ತಪ್ಪಿಲ್ಲ ಮಾವಾರ. ಆಕಿ ಏಳು ತಿಂಗಳ ಬಸರಿ.”

ಮಾವನವ್ರು, ಕುಬಸ ಅಂದ್ರ ಆ ಕುಬಸೇನು ಅಂತ ಕೇಳಿದ್ರು. ಎರಡೂ ಅಂದೆ.

ಬಗಲಿಗೆ ಎರಡೂ ಕಡಿ ಪಟ್ಟಿ ಕೂಡಿಸಿದ್ರ ಕೆಲಸ ಆಗ್ತಿತ್ತು. ಉಳಿದ ಹಸರು ತುಂಡು ಮಾವನವ್ರ ಚೀಲದಾಗಿತ್ತು. ತಿರುಗಿ ಕೊಡಾಕಂತ ತಂದೀನಿ ಅಂದ್ರು, ನಂಬೋರು ನಂಬ್ರಿ. ಮಷೀನೂ ಇತ್ತು. ಆದ್ರ ಹೆಂಗಸರ ಕೋಣಿಗೆ ಅವ್ರು ಹೋಗಂಗಿಲ್ಲ, ಅಷ್ಟು ಮಂದಿ ಗಂಡಸರ ಮುಂದ ಬಸರಿ ಕುಬಸ ಹರಡಿ ಹೊಲಿಯಂಗಿಲ್ಲ, ಮಷೀನು ನನ್ನ ಕೈಗೆ ಕೊಡಂಗಿಲ್ಲ. ಯೋಚನಿ ಮಾಡಿ ಒಂದು ದಾರಿ ಹುಡುಕಿದ್ರು. ಕೋಣಿ ಬಾಗಲಿಗೆ ಒಂದು ಪರದಿ ಇತ್ತು. ಹೊಸ್ತಿಲದ ಮ್ಯಾಲ ಮಷೀನು ಅಡ್ಡ ಇಟ್ರು. ಸೂಜಿ ಇದ್ದ ತುದಿ ಒಳಗ, ತಿರುವೋ ಹಿಡಿಕಿ ಹೊರಗ, ನಡುವ ಪರದಿ. ನೀನು ಒಳಗ ಬಟ್ಟಿ ಹಿಡಿ, ನಾನು ಹೊರಗ ತಿರುವ್ತೀನಿ ಅಂದ್ರು. ಹಿಂಗಾದ್ರ ಮಷೀನಿನ ಮ್ಯಾಲ ಹೊಲಿದವ್ರು ಅವರ ಆದಂಗ ಆತು.

ಸುರು ಮಾಡಿದ್ರು ನೋಡ್ರಿ. ಅವ್ರಿಗೆ ಬಟ್ಟಿ ಕಾಣಂಗಿಲ್ಲ, ಕೈಗೆ ಪಲ್ಟನ್ನಿನ ವೇಗ. ನಿಧಾನ ಮಾವಾರ ಅಂತ ನಾನು ಒಳಗಿಂದ. ಬ್ಯಾಲೆನ್ಸ್ ನೋಡು, ಎರಡೂ ಪಟ್ಟಿ ಸಮ ಇರ್ಲಿ ಅಂತ ನಮ್ಮನಿಯವ್ರು ಹಂದರದಿಂದ. ಯಾರ ಮಾತೂ ಯಾರಿಗೂ ಕೇಳಲಿಲ್ಲ. ಮಷೀನು ನಿಂತಾಗ, ಆತೇನು ಅಂತ ಅಜ್ಜಿ ಕುಬಸ ಹಿಡದು ಜಗ್ಗಿದ್ಳು. ಕುಬಸದ ಬೆನ್ನಹಿಂದ ಪರದೀನೂ ಬಂತು. ಎರಡನ್ನೂ ಕೂಡಿಸಿ ಹೊಲಿದುಬಿಟ್ಟಿದ್ವಿ. ಅಜ್ಜಿ ಇನ್ನೊಂದು ಸಲ ಜಗ್ಗಿದ್ಳು. ಪರದಿ ಕಟ್ಟಿದ್ದ ಬಿದಿರ ಗಳ ಕಳಚಿ ಕೆಳಗ ಬಿತ್ತು.

ಕೋಣಿ ತುಂಬ ಹೆಂಗಸರು. ಎದುರಿಗೆ ಹೊಸ್ತಿಲದಾಗ ಮಾವನವ್ರು, ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿಕೊಂಡು ಕುಂತಾರ. ಏನು ಮಾಡಬೇಕು ತಿಳೀಲಿಲ್ಲ ಅವ್ರಿಗೆ. ಕಣ್ಣು ಗಟ್ಟಿ ಮುಚ್ಚಿಕೊಂಡು ಹಿಡಿಕಿ ತಿರುವಾಕ ಸುರು ಮಾಡಿದ್ರು. ಬಟ್ಟಿ ಇಲ್ಲ, ಬರೇ ಮಷೀನು ತಿರುಗಾಕತ್ತೇತಿ. ಅಳ್ತಿದ್ದ ಬಸರಿ ಹುಡುಗಿ ಕಿಸಕ್ಕನ ನಕ್ಕಳು. ಆಕಿ ನಕ್ಕಿದ್ದಕ್ಕ ಎಲ್ಲಾರೂ ನಕ್ರು.

ಮಾವನವ್ರು ಕಣ್ಣು ಮುಚ್ಚಿಕೊಂಡ ಎದ್ದು, ಬೆನ್ನು ತಿರುಗಿಸಿ ನಿಂತು, ಗ್ವಾಡಿಗೆ ಹೇಳಿದಂಗ ಹೇಳಿದ್ರು:

“ತಗೊಂಡು ಹೋಗವ್ವ ಒಳಗ.”

ಎತ್ತಿಕೊಂಡು ಹೋದೆ. ಗಾಲ್ಯಾಗ ಸಿಕ್ಕಿದ್ದ ಚೆಂಡು ಹೂವು ಬಿಡಿಸಿ ತಗದೆ. ಪರದಿ ಬಿಚ್ಚಿ, ಪಟ್ಟಿ ಕೂಡಿಸಿ, ಎರಡೂ ಬಗಲು ಹೊಲಿದೆ. ಎಷ್ಟು ವರ್ಷದ ಮ್ಯಾಲ ಕೈಗೆ ಹಿಡಿಕಿ ಸಿಕ್ಕಿತ್ತು, ಅದರ ಸದ್ದು ಕೇಳಿ ನನಗ ಕಣ್ಣಾಗ ನೀರು ಬಂದ್ವು. ಮಷೀನಿನ ವಿಭೂತಿ ಒಂದಿಷ್ಟು ಹಸರು ಖಣಕ್ಕ ಹತ್ತಿತು. ಅಜ್ಜಿ ಅದನ್ನ ಕಣ್ಣಿಗೆ ಒತ್ತಿಕೊಂಡು, ಶಿವನ ಬಂದು ಹರಸ್ಯಾನ ಅಂದ್ಳು. ಅದು ಎಂಫಸಿಸ್ಸು ಅಂತ ಆಮ್ಯಾಲ ನಮ್ಮನಿಯವ್ರು ಅಂದ್ರು.

ತೊಡಿಸಿ ನೋಡಿದ್ರ ಮೈಗೆ ಕುಂತಿತು. ಆದ್ರ ಆ ಜಗ್ಗಾಟದಾಗ ಗುಂಡಿ ಎಲ್ಲಾ ಕಿತ್ತಿದ್ವು, ಕಾಜ ಹರದಿದ್ವು. ನಾನು ಹುಡುಗಿಗೆ ಸೀರಿ ಉಡಿಸಬೇಕು, ಹೊತ್ತಿಲ್ಲ. ಕುಬಸ ಮಡಿಚಿ ಬಾಗಲಕ್ಕ ಬಂದೆ. ಮಾವನವ್ರು ಇನ್ನೂ ಗ್ವಾಡಿ ಕಡಿ ಮುಖ ಮಾಡಿ ನಿಂತಿದ್ರು. ಕುಬಸ, ಸೂಜಿದಾರ, ಗುಂಡಿ ಡಬ್ಬಿ ಹಿಂದಿಂದ ಅವ್ರ ಕೈಗೆ ಇಟ್ಟೆ.

“ಮಾವಾರ, ನೀವು ಗುಂಡಿ ಹಚ್ರಿ.”

ಅವ್ರು ತಿರುಗಲಿಲ್ಲ. ಅಲ್ಲೇ ಕುಂತು, ದಾರದ ತುದಿ ನಾಲಿಗಿಗೆ ಒತ್ತಿ ಸೂಜಿಗೆ ಪೋಣಿಸಿದ್ರು. ಮಷೀನು ಹೊರಗ ತರ್ಲೇನ್ರಿ ಅಂತ ಕೇಳಿದೆ. ಬ್ಯಾಡ, ಇನ್ನ ಮುಂದ ಅದು ನಿನ್ನ ಹತ್ರನ ಇರ್ಲಿ ಅಂದ್ರು. ನಾನು ಒಳಗ ಹೊಂಟಿದ್ದೆ. ಹಿಂದಿಂದ ದನಿ ಬಂತು, ಭಾಳ ಸಣ್ಣ ದನಿ.

“ಕಾಜಾನೂ ನಾನ ಮಾಡಬೇಕೇನವ್ವ?”